ತಗಡಿಗೆ ಬಡಿದ ಬಿಸಿಲು

ನನ್ನದು ಬೆಟಗೇರಿಯಲ್ಲಿ ಗಾಜು, ಕನ್ನಡಿಗಳ ಅಂಗಡಿ. ಫೋಟೊಗಳಿಗೆ ಕಟ್ಟು ಹಾಕುತ್ತೇನೆ, ಕಿಟಕಿಗೆ ಗಾಜು ಕತ್ತರಿಸಿ ಕೊಡುತ್ತೇನೆ, ಹಬ್ಬ ಹರಿದಿನಗಳಿಗೆ ಹೊಳೆಯುವ ಬೇಗಡೆ ಕಾಗದ ಮಾರುತ್ತೇನೆ. ಬುಡ್ಡೇಸಾಬನ ಬಾಯಿ ಜೋರು ಎಂದು ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಹೆಂಡತಿ ಮುಮ್ತಾಜಳೂ ಅದನ್ನೇ ಹೇಳುತ್ತಾಳೆ. ಇರಲಿ. ಬಾಯಿ ಜೋರಿದ್ದವನಿಗೂ ಕೆಲವು ಸಲ ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ.

ನಮ್ಮ ಹಿಂದಿನ ಓಣಿಯ ಪರಶುರಾಮ ಶ್ರಾವಣದ ಒಂದು ಸಂಜೆ ಅಂಗಡಿಗೆ ಬಂದು, ಬೆಳಕನ್ನು ಹಿಡಿದು ಬೇರೆ ಕಡೆಗೆ ತಿರುಗಿಸುವಂಥ ಸಾಮಾನು ಏನೇನಿದೆ ಎಂದು ಕೇಳಿದ. ಅವನು ಗದಗಿನ ಒಂದು ಪ್ರೆಸ್ಸಿನಲ್ಲಿ ಮಶೀನು ನಡೆಸುವವನು. ನಾಲ್ಕು ಮಾತು ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಸ್ವಭಾವ. ಅವತ್ತು ತಾನಾಗಿಯೇ ಮಾತಾಡಿದ. ಮನೆಯೊಳಗೆ ಗಿಡ ಬೆಳೆಸಬೇಕಾಗಿತ್ತು, ಹೆಂಡತಿಗಾಗಿ.

ಅವನ ಹೆಂಡತಿ ನೀಲಾ ಡಂಬಳದ ಹುಡುಗಿ. ಮದುವೆಯಾಗಿ ಬಂದ ವರ್ಷವೇ ಅವರ ಹಿತ್ತಲಿನಲ್ಲಿ ಮೆಂತ್ಯ, ಪುಂಡಿ, ರಾಜಗಿರಿ ಸೊಪ್ಪು ಬೆಳೆದು ಓಣಿಗೆಲ್ಲ ಹಂಚಿದವಳು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಯಾರಾದರೂ ಕೆದಕಿದರೆ, ನನ್ನ ಮಕ್ಕಳು ಹಿತ್ತಲಿನಲ್ಲಿವೆ ನೋಡ್ರಿ ಎಂದು ನಕ್ಕು ಅವರ ಬಾಯಿ ಮುಚ್ಚಿಸುತ್ತಿದ್ದಳು. ಬಿಸಿಲು ಎಂದರೆ ಆಕೆಗೆ ಲೆಕ್ಕವೇ ಇರಲಿಲ್ಲ. ನಡು ಮಧ್ಯಾಹ್ನ ಸೆರಗನ್ನು ತಲೆಗೆ ಸುತ್ತಿಕೊಂಡು ಮಡಿ ಕೆದರುತ್ತ ಕೂತಿರುತ್ತಿದ್ದಳು.

ಕಳೆದ ಚಳಿಗಾಲದಲ್ಲಿ ಆಕೆಗೆ ಕೀಲು ನೋವು, ಜ್ವರ, ಮೈಮೇಲೆ ಕೆಂಪು ಕಲೆಗಳು ಶುರುವಾದವು. ಇಲ್ಲಿಯ ಡಾಕ್ಟರರೆಲ್ಲ ಮುಗಿದ ಮೇಲೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಜಡ್ಡಿನ ಹೆಸರು ಹೇಳಿದರು. ಅದು ರಕ್ತದಲ್ಲೇ ಇರುವ ಜಡ್ಡು, ಪೂರ್ತಿ ಹೋಗುವುದಿಲ್ಲ, ಗುಳಿಗೆ ತಪ್ಪಿಸಬಾರದು, ಎಲ್ಲಕ್ಕಿಂತ ಹೆಚ್ಚಾಗಿ ಮೈಗೆ ಬಿಸಿಲು ತಾಗಬಾರದು. ತಾಗಿದರೆ ಮೂತ್ರಪಿಂಡಕ್ಕೆ ಇಳಿಯುತ್ತದೆ ಎಂದರು. ಟ್ಯೂಬ್‌ಲೈಟಿನ ಬೆಳಕು ಕೂಡ ಬೇಡ ಎಂದರಂತೆ. ಬಿಸಿಲೇ ಊಟ ಎಂಬಂತೆ ಬದುಕಿದವಳಿಗೆ ದೇವರು ಹುಡುಕಿ ಹುಡುಕಿ ಇದೇ ಜಡ್ಡನ್ನು ಕೊಡಬೇಕೇ? ನನಗಂತೂ ಅವನ ಮೇಲೆ ಸಿಟ್ಟು ಬಂದಿತ್ತು. ಈಗಲೂ ಇದೆ.

ಅವರದು ಹಳೆಯ ಮಾಳಿಗೆ ಮನೆ. ಎರಡೂ ಬದಿಗೆ ಬೇರೆಯವರ ಗೋಡೆ, ಕಿಟಕಿಯೇ ಇಲ್ಲ. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಅದಕ್ಕೆ ಗಾಜು ಹಾಕಿಕೊಟ್ಟವನು ನಾನೇ. ಹೊತ್ತೇರಿದ ಮೇಲೆ ಅದರಿಂದ ಒಂದು ಕೋಲು ಬಿಸಿಲು ಇಳಿದು, ನೆಲದ ಮೇಲೆ ನಿಧಾನವಾಗಿ ಸರಿದು, ಮಧ್ಯಾಹ್ನ ದಾಟುವಷ್ಟರಲ್ಲಿ ಗೋಡೆಗೆ ಏರಿ ಹೋಗುತ್ತದೆ. ಉಳಿದ ಹೊತ್ತೆಲ್ಲ ಮನೆ ಮಬ್ಬು. ಆ ನಡುಮನೆಯ ಮೂಲೆಯಲ್ಲಿ ನೀಲಾಳ ಮಂಚ ಹಾಕಿದರು. ಯುಗಾದಿ ಬಂತು, ಕಾರಹುಣ್ಣಿಮೆ ಬಂತು, ಆಕೆ ಹಗಲಿನಲ್ಲಿ ಹೊಸ್ತಿಲು ದಾಟಲಿಲ್ಲ. ಹಿತ್ತಲು ಒಣಗಿತು. ಮೊದಮೊದಲು ಅಳುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಮುಮ್ತಾಜ ಹೋಗಿ ಕೂತು ಬಂದರೆ, ಗೋಡೆಯ ಜೊತೆ ಮಾತಾಡಿದಂತಾಯಿತು ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಪರಶುರಾಮನಿಗೆ ಹೊಳೆದದ್ದು ಇಷ್ಟೇ. ನೀಲಾ ಹಿತ್ತಲಿಗೆ ಹೋಗುವಂತಿಲ್ಲ, ಹಿತ್ತಲನ್ನೇ ಒಳಗೆ ತರೋಣ. ಎಣ್ಣೆಯ ಡಬ್ಬಿಗಳನ್ನು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ, ಮಂಚದ ಎದುರಿನ ಗೋಡೆಗೆ ಹಲಗೆ ಬಡಿದು ಸಾಲಾಗಿ ಇಟ್ಟ. ನೀಲಾ ಎದ್ದು ಕೂತು ತನ್ನ ಕೈಯಿಂದಲೇ ಮೆಂತ್ಯ ಹಾಕಿದಳು. ಮೊಳಕೆ ಬಂತು, ಆದರೆ ದಾರದ ಎಳೆಯ ಹಾಗೆ ಬೆಳ್ಳಗೆ ಉದ್ದಕ್ಕೆ ಎದ್ದು, ಒಂದರ ಮೇಲೊಂದು ಮಲಗಿಬಿಟ್ಟಿತು. ಬೆಳಕಿಂಡಿಯ ಬಿಸಿಲು ನಡುನೆಲಕ್ಕೆ ಬೀಳುತ್ತಿತ್ತೇ ಹೊರತು ಗೋಡೆಯ ಹಲಗೆಗೆ ಮುಟ್ಟುತ್ತಿರಲಿಲ್ಲ. ಡಬ್ಬಿಗಳನ್ನು ನಡುನೆಲಕ್ಕೆ ತಂದಿಟ್ಟರೆ ಅವುಗಳ ಹತ್ತಿರ ನೀಲಾ ಕೂಡುವಂತಿಲ್ಲ. ನೆಲಕ್ಕೆ ಬೀಳುವ ಬಿಸಿಲನ್ನು ಎತ್ತಿ ಹಲಗೆಯ ಮೇಲೆ ಹಾಕಬೇಕು, ಮಂಚದ ಕಡೆ ಒಂದು ಹನಿಯೂ ಹೋಗಬಾರದು. ಇದು ಅವನ ತಲೆ ತಿನ್ನುತ್ತಿದ್ದ ಪ್ರಶ್ನೆ.

ನಾನು ಕನ್ನಡಿ ಮಾರುವವನು, ಕನ್ನಡಿಯನ್ನೇ ಹೊಗಳಿದೆ. ಒಂದು ಒಳ್ಳೆಯ ತುಂಡನ್ನು ಒಯ್ದು ಹಿಡಿದೂ ತೋರಿಸಿದೆ. ಬಿಸಿಲು ಬಾಣದ ಹಾಗೆ ಹೋಗಿ ಒಂದೇ ಡಬ್ಬಿಯ ಮೇಲೆ ಬಿತ್ತು, ಉಳಿದವು ಕತ್ತಲಲ್ಲೇ ಉಳಿದವು. ಎರಡು ದಿನದಲ್ಲಿ ಆ ಡಬ್ಬಿಯ ಎಲೆಗಳ ಅಂಚು ಸುಟ್ಟು ಕಂದಿತು. ಪರಶುರಾಮ ಕನ್ನಡಿಯನ್ನು ಬಟ್ಟೆಯಲ್ಲಿ ಸುತ್ತಿ ಮರಳಿ ತಂದುಕೊಟ್ಟ. ಆಮೇಲೆ ಅಡುಗೆಮನೆಯಲ್ಲಿ ರೊಟ್ಟಿ ಸುತ್ತುವ ಬೆಳ್ಳಿ ಹಾಳೆ ತಂದು ಗೋಡೆಗೆ ಅಂಟಿಸಿದ. ಅದು ಸುಕ್ಕುಗಟ್ಟಿತು, ಹಿಟ್ಟಿನ ಅಂಟು ತಿನ್ನಲು ಜಿರಳೆ ಬಂದವು, ಅವನ ತಾಯಿ ಉಡಚವ್ವ ಪೊರಕೆ ತೆಗೆದುಕೊಂಡು ಹಾಳೆಯನ್ನೂ ಜಿರಳೆಯನ್ನೂ ಕೂಡಿಯೇ ಗುಡಿಸಿದಳು. ನನ್ನ ಬೇಗಡೆ ಕಾಗದ ಗಿಡಗಳಿಗೆ ಚಿಮುಕಿಸುವ ನೀರಿನ ತಂಪಿಗೆ ಮಂಕಾಯಿತು. ಸುಮ್ಮನೆ ಸುಣ್ಣ ಬಳಿ, ಬಿಳಿ ಗೋಡೆಯೂ ಬೆಳಕನ್ನು ಹಂಚುತ್ತದೆ ಎಂದು ನಾನೇ ಹೇಳಿದೆ. ಅದು ಮಂದವಾಗುತ್ತದೆ ಎಂದು ಅವನು, ಸುಣ್ಣ ದಸರೆಗೆ ಬಳಿಯುವುದು, ಈಗ ಬೇಡ ಎಂದು ಉಡಚವ್ವ. ಮಾತು ಅಲ್ಲಿಗೇ ನಿಂತಿತು.

ಕೊನೆಗೆ ಅವನೇ ತನ್ನ ಪ್ರೆಸ್ಸಿನಿಂದ ತಗಡು ತಂದ. ಅಚ್ಚು ಹಾಕಿ ಮುಗಿದ ಮೇಲೆ ಗುಜರಿಗೆ ಹೋಗುವ ಅಲ್ಯುಮಿನಿಯಂ ಪ್ಲೇಟುಗಳು ಅವು. ಒಂದು ಮೈಗೆ ಯಾರದೋ ಲಗ್ನಪತ್ರಿಕೆ, ಇನ್ನೊಂದು ಮೈ ಖಾಲಿ, ಹಾಲಿನಂಥ ಹೊಳಪು. ಬಿಸಿಲು ಅದಕ್ಕೆ ಬಡಿದರೆ ಒಂದೇ ಕಡೆ ಗುಂಪಾಗದೆ ಹಲಗೆಯ ಉದ್ದಕ್ಕೂ ಹರಡಿಕೊಂಡಿತು. ನನ್ನ ಕನ್ನಡಿ ಸೋತಿದ್ದಕ್ಕೆ ಹೊಟ್ಟೆ ಉರಿದದ್ದು ಖರೆ. ಆದರೂ ಕತ್ತರಿ ತಂದು ಅಂಚು ಸರಿಮಾಡಿ, ಚೂಪು ಮಡಚಿ, ಎರಡು ತಗಡುಗಳನ್ನು ಇಟ್ಟಿಗೆಗೆ ಆನಿಸಿ ನೆಲದ ಮೇಲೆ ನಿಲ್ಲಿಸಿಕೊಟ್ಟೆ. ಎಷ್ಟು ಹಗುರ ನೋಡು, ಕೂಸು ಕೂಡ ಬೇಕಾದ ಕಡೆಗೆ ತಿರುಗಿಸಬಹುದು ಎಂದು ಹೊಗಳಿದೆ. ಮಂಚಕ್ಕೆ ಅಡ್ಡವಾಗಿ ಒಂದು ದಪ್ಪ ಜಮಖಾನೆ ಕಟ್ಟಿದೆವು. ಬೆಳಕಿಂಡಿಯಿಂದ ಬಿಸಿಲು ಇಳಿದಾಗ ನೀಲಾ ಅದರ ಹಿಂದಿರಬೇಕು, ಬಿಸಿಲು ಹೋದ ಮೇಲೆ ಎದ್ದು ಗಿಡಗಳ ಹತ್ತಿರ ಕೂಡಬೇಕು. ಹೀಗೆ ಕರಾರು.

ಗಿಡಗಳು ಚಿಗಿತವು. ಮೆಂತ್ಯ ಎಲೆ ಅಗಲಿಸಿತು, ಕೋತಂಬರಿ ಎದ್ದಿತು, ರಾಜಗಿರಿಗೆ ಬಣ್ಣ ಬಂತು. ಮಧ್ಯಾಹ್ನ ಕಳೆದ ಮೇಲೆ ನೀಲಾ ಡಬ್ಬಿಗಳ ಮುಂದೆ ಕೂತು ಮಣ್ಣು ಸಡಿಲಿಸುತ್ತಿದ್ದಳು, ಮತ್ತೆ ಮಾತಾಡತೊಡಗಿದ್ದಳು. ಒಂದು ದಿನ ಮುಮ್ತಾಜಳ ಸೆರಗಿಗೆ ಒಂದು ಹಿಡಿ ಮೆಂತ್ಯ ಹಾಕಿ ಕಳಿಸಿದಳು. ನಾವು ಅದನ್ನು ರೊಟ್ಟಿಯ ಜೊತೆ ಹಸಿಯಾಗಿಯೇ ತಿಂದೆವು. ಪರಶುರಾಮ ಕೆಲಸಕ್ಕೆ ಹೋಗುವಾಗ ನನ್ನ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಸುಮ್ಮನೆ ನಗುತ್ತಿದ್ದ. ಅವನು ನಕ್ಕಿದ್ದನ್ನು ನಾನು ಬಹಳ ದಿನಗಳ ಮೇಲೆ ನೋಡಿದ್ದು.

ಭಾದ್ರಪದ ಮುಗಿಯುತ್ತ ಬಂದಂತೆ ಗಿಡಗಳು ಮತ್ತೆ ಬಿಳಿಚಿಕೊಂಡವು. ಕೋತಂಬರಿ ಕಡ್ಡಿಯಾಯಿತು. ಪರಶುರಾಮ ಮುಂಜಾನೆ ಎದ್ದು ತಗಡುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ, ಹೊತ್ತು ದಕ್ಷಿಣಕ್ಕೆ ಸರಿದಿದೆ, ಅದಕ್ಕೇ ಹೀಗೆ ಎನ್ನುತ್ತಿದ್ದ. ಹಗಲೆಲ್ಲ ಪ್ರೆಸ್ಸಿನಲ್ಲಿರುವವನಿಗೆ ಮಧ್ಯಾಹ್ನ ಮನೆಯಲ್ಲಿ ಏನಾಗುತ್ತದೆ ಎಂದು ಹೇಗೆ ಗೊತ್ತಾಗಬೇಕು? ಉಡಚವ್ವ ಆ ಹೊತ್ತಿಗೆ ಉಂಡು, ಪಡಸಾಲೆಯಲ್ಲಿ ಗೋಡೆಗೆ ಒರಗಿ ತೂಕಡಿಸುವವಳು. ಕೊನೆಗೆ ಅವನು, ಸೋತೆ ಮಾಮಾ, ಕನ್ನಡಿಯನ್ನೇ ಹಾಕೋಣ, ಬಂದು ಅಳತೆ ತಗೋ ಎಂದ. ಈಗ ದಾರಿಗೆ ಬಂದೆಯಾ ಎಂದು ನಾನು ಚೇಷ್ಟೆ ಮಾಡಿದೆ.

ವಿಚಿತ್ರವೆಂದರೆ, ಗಿಡಗಳು ಸೊರಗಿದರೂ ನೀಲಾ ಸೊರಗಿರಲಿಲ್ಲ. ಗೆಲುವಾಗಿದ್ದಳು. ಎರಡೂ ಕೆನ್ನೆ ಕೆಂಪಗೆ ಆಗಿದ್ದವು. ಸೊಸೆಯ ಮುಖಕ್ಕೆ ಕಳೆ ಬಂದಿದೆ ಎಂದು ಉಡಚವ್ವ ಓಣಿಯ ಬಾವಿಕಟ್ಟೆಯವರೆಗೂ ಹೇಳಿಕೊಂಡು ಬಂದಳು. ಜಡ್ಡಿನ ಕೆಂಪನ್ನು ನಾವೆಲ್ಲ ಆರೋಗ್ಯದ ಕೆಂಪೆಂದು ನಂಬಿದೆವು.

ಅಷ್ಟರಲ್ಲಿ ನವರಾತ್ರಿ ಬಂತು. ಉಡಚವ್ವ ಎಂದಿನಂತೆ ಘಟ ಹಾಕಿದಳು. ದೇವರ ಮುಂದೆ ಮಣ್ಣು ಹರವಿ, ಗೋಧಿ, ಜೋಳ ಚೆಲ್ಲಿ, ನಡುವೆ ನೀರಿನ ಗಡಿಗೆ ಕೂಡಿಸಿ, ದೀಪ ಹಚ್ಚುತ್ತಾರೆ. ಹಬ್ಬ ಮುಗಿಯುವವರೆಗೆ ಆ ದೀಪ ಆರಬಾರದು, ಘಟವನ್ನು ಅಲುಗಿಸಬಾರದು. ಮೊಳೆತ ಸಸಿ ಎಷ್ಟು ಎತ್ತರ, ಎಂಥ ಬಣ್ಣ ಎಂದು ನೋಡಿ ಮನೆಯ ಮುಂದಿನ ವರ್ಷವನ್ನು ಹೇಳುತ್ತಾರೆ. ಅವರ ದೇವರ ಗೂಡು ನಡುಮನೆಯಲ್ಲೇ, ಒಂದು ದಪ್ಪ ಕಂಬದ ಮರೆಯಲ್ಲಿ. ಬೆಳಕಿಂಡಿಯ ಬಿಸಿಲಾಗಲಿ, ಗಿಡಗಳ ಹಲಗೆಯಾಗಲಿ ಅಲ್ಲಿಂದ ಕಾಣುವುದಿಲ್ಲ. ಕಾಣುವುದು ನೀಲಾಳ ಮಂಚದ ಮೂಲೆ ಒಂದೇ. ಹೀಗಾಗಿ ಅಲ್ಲಿಯ ಸಸಿ ಪ್ರತಿ ವರ್ಷ ಕತ್ತಲಲ್ಲಿ ಬೆಳೆದು ಅರಿಸಿನದಂತೆ ಹಳದಿಯಾಗಿ, ನೆಟ್ಟಗೆ ನಿಲ್ಲುತ್ತಿತ್ತು.

ಈ ವರ್ಷ ಸಸಿ ವಾಲಿತು. ದೀಪದ ಕಡೆಗೂ ಅಲ್ಲ. ಪಕ್ಕಕ್ಕೆ, ನೀಲಾಳ ಮಂಚದ ಕಡೆಗೆ, ಒಂದೊಂದು ಎಸಳೂ ತಲೆಬಾಗಿದಂತೆ. ಉಡಚವ್ವ ನೋಡಿದವಳೇ ನೆಲಕ್ಕೆ ಹಣೆ ಹಚ್ಚಿದಳು. ತಾಯಿ ಸೊಸೆಯ ಕಡೆಗೆ ಬಾಗಿದ್ದಾಳೆ, ಇನ್ನು ಜಡ್ಡು ನಿಲ್ಲುವುದಿಲ್ಲ ಎಂದು ಓಣಿಗೆ ಖಬರು ಹೋಯಿತು. ಹೆಂಗಸರು ತಾಟು ಹಿಡಿದು ಬಂದರು. ನೀಲಾಳನ್ನು ಮಂಚದ ಮೇಲೆಯೇ ಕೂಡಿಸಿ, ಅಕ್ಕಿ, ಒಣಕೊಬ್ಬರಿ, ಖಣ ಇಟ್ಟು ಉಡಿ ತುಂಬಿದರು. ಮುಮ್ತಾಜಳೂ ನಿಂತು ನೋಡಿ ಬಂದಳು. ಉಡಿ ತುಂಬುವಾಗ ನೀಲಾ ತಲೆ ಎತ್ತಲಿಲ್ಲವಂತೆ. ನಾಚಿಕೊಂಡಳು ಎಂದು ಎಲ್ಲರೂ ತಿಳಿದರು. ಪರಶುರಾಮ ಆ ಸಂಜೆ ಅಂಗಡಿಗೆ ಬಂದು ಸಸಿಯ ಸುದ್ದಿ ಹೇಳುತ್ತ ಹೇಳುತ್ತ ಅತ್ತ. ನಾನೂ ಹಿಗ್ಗಿದೆ. ಯಾರ ದೇವರಾದರೇನು, ಆ ಹುಡುಗಿಗೆ ಒಳ್ಳೆಯದಾದರೆ ಸಾಕು ಎನಿಸಿತು.

ಮರುದಿನ ಮಧ್ಯಾಹ್ನ ಕನ್ನಡಿಯ ಅಳತೆಗೆ ಹೋದೆ. ಪಡಸಾಲೆಯಲ್ಲಿ ಉಡಚವ್ವ ಇರಲಿಲ್ಲ, ಗುಡಿಗೆ ಹೋಗಿದ್ದಳು. ಎರಡು ಸಲ ಕೂಗಿದೆ, ಉತ್ತರವಿಲ್ಲ. ಘಟ ಕೂತ ಮನೆ, ಒಳಗೆ ಕಾಲಿಡುವುದು ಬೇಡವೆಂದು ನಡುಮನೆಯ ಹೊಸ್ತಿಲಲ್ಲಿ ನಿಂತು ಇಣುಕಿದೆ.

ಜಮಖಾನೆ ಒಂದು ಬದಿಗೆ ಸರಿದಿತ್ತು. ಗಿಡಗಳ ಹಲಗೆ ಪೂರ್ತಿ ಕತ್ತಲು. ನೆಲದ ಮೇಲಿನ ತಗಡು ಮಂಚದ ಕಡೆಗೆ ಮುಖ ಮಾಡಿತ್ತು. ಇನ್ನೊಂದು ತಗಡು ಮಂಚದ ಹಿಂದಿನ ಗೋಡೆಗೆ ಒರಗಿತ್ತು. ಅವೆರಡರ ನಡುವೆ ನೀಲಾ ಕೂತಿದ್ದಳು, ಕುಪ್ಪಸದ ತೋಳು ಮೇಲಕ್ಕೆ ಮಡಚಿ, ಎರಡೂ ಕೈ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ. ಚಳಿಗಾಲದಲ್ಲಿ ಒಲೆಯ ಮುಂದೆ ಕೂತವರ ಹಾಗೆ. ಮುಖದ ತುಂಬ ಬಿಸಿಲು. ಕಂಬದ ಮರೆಯಲ್ಲಿ ಘಟದ ಸಸಿ ಅದೇ ಬೆಳಕಿನ ಕಡೆಗೆ ಬಾಗಿ ನಿಂತಿತ್ತು.

ನನ್ನ ಕೈಯಲ್ಲಿದ್ದ ಅಳತೆ ಟೇಪು ಜಾರಿ ಬಿತ್ತು. ಆಕೆ ಕಣ್ಣು ತೆರೆದಳು, ಗಾಬರಿಯಾಗಲಿಲ್ಲ. ಕೈಯನ್ನೂ ಹಿಂದಕ್ಕೆ ತೆಗೆಯಲಿಲ್ಲ.

“ಏನ್ ಮಾಡಾಕತ್ತೀಯವಾ ತಂಗಿ ಇದನ್ನ? ಕೇಡ ಆಗತೈತಿ ಅನ್ನೂದು ಗೊತ್ತಿಲ್ಲೇನ ನಿನಗ?” ಎಂದೆ.

“ಗೊತ್ತೈತ್ರಿ ಅಣ್ಣಾರ. ಗಿಡಕ್ಕ ಬೆಳಕ ಬೇಕಂತ ನೀವೆಲ್ಲಾರೂ ಎಷ್ಟೊಂದು ವಿಚಾರ ಮಾಡಿದ್ರಿ. ನಾ ಇಲ್ಲೇ ಮಕ್ಕೊಂಡು ಕೇಳಾಕತ್ತಿದ್ನಿ. ನನಗೂ ಬೇಕಂತ ಒಬ್ರೂ ಅನ್ಲಿಲ್ಲ.” ಆಕೆ ತನ್ನ ಕೈಗಳನ್ನು ಬೆಳಕಿನಲ್ಲಿ ಹೊರಳಿಸಿ ನೋಡಿಕೊಂಡಳು. “ದಿನಾ ಒಂದೀಟ ಹೊತ್ತು ಅಷ್ಟರಿ. ಈಟ ಹೊತ್ತು ನಾ ನಾನ ಅನಸತೈತಿ. ಅವರಿಗೆ ಹೇಳಬ್ಯಾಡ್ರಿ.”

 ಬಯ್ಯಬೇಕೆಂದು ಬಾಯಿ ತೆರೆದೆ, ಬಯ್ಯಲಾಗಲಿಲ್ಲ. ಹೇಳುವುದಿಲ್ಲ ಎಂದು ಮಾತನ್ನೂ ಕೊಡಲಿಲ್ಲ. ಹೊರಗೆ ಬಂದವನೇ ಗದಗಿಗೆ ಹೊರಟೆ. ಆ ದಾರಿಯುದ್ದಕ್ಕೂ ನನಗೆ ಸುಣ್ಣದ ಗೋಡೆಯೇ ನೆನಪಾಗುತ್ತಿತ್ತು. ಸುಣ್ಣದ ಗೋಡೆ ಮಂದವಾಗಿರುತ್ತಿತ್ತು, ಖರೆ. ಆದರೆ ಗೋಡೆಯನ್ನು ಯಾರೂ ತನ್ನ ಕಡೆಗೆ ತಿರುಗಿಸಿಕೊಳ್ಳುವಂತಿರಲಿಲ್ಲ.

ಪ್ರೆಸ್ಸಿನ ಸದ್ದಿನಲ್ಲಿ ಪರಶುರಾಮನ ಕಿವಿಗೆ ಬಾಯಿ ಹಚ್ಚಿ ಹೇಳಬೇಕಾಯಿತು. ಅವನು ಮಶೀನು ನಿಲ್ಲಿಸಿ, ಕೈಗೆ ಹತ್ತಿದ ಮಸಿಯನ್ನೂ ಒರೆಸಿಕೊಳ್ಳದೆ ಬಂದ. ಮನೆಗೆ ಕಾಲಿಟ್ಟವನೇ ಎರಡೂ ತಗಡುಗಳನ್ನು ಅಂಗಳಕ್ಕೆ ಎಳೆದುಕೊಂಡು ಬಂದು ಕಾಲಿನಿಂದ ತುಳಿದು ತುಳಿದು ಮಡಚಿದ. ಗುಡಿಯಿಂದ ಬಂದ ಉಡಚವ್ವ ಅದನ್ನು ನೋಡಿ ಬಾಗಿಲಲ್ಲೇ ಕೂಗಾಡಿದಳು. ಘಟ ಕೂತಾಗ ಮನೆಯಲ್ಲಿ ಯಾವುದನ್ನೂ ಕದಲಿಸಬಾರದು, ತಾಯಿ ಒಲಿದು ನಿಂತಿರುವಾಗ ಇದೇನು ಹುಚ್ಚು ಎಂದು ಎದೆ ಬಡಿದುಕೊಂಡಳು. ಸಸಿ ಬಾಗಿದ್ದು ನೀಲಾಳ ಕಡೆಗಲ್ಲ, ಆ ಮೂಲೆಗೆ ಬೀಳುತ್ತಿದ್ದ ಬೆಳಕಿನ ಕಡೆಗೆ ಎಂದು ನಾನು ತಿಳಿಸಿ ಹೇಳಲು ಹೋದೆ. ಆಕೆ ನನ್ನ ಕಡೆ ತಿರುಗಿದಳು.

“ನಮ್ಮ ದೇವರ ಮಾತಿನಾಗ ನೀ ಬಾಯಿ ಹಾಕಬ್ಯಾಡ ಬುಡ್ಡೇಸಾಬ. ನೀ ತಂದ ಕೊಟ್ಟ ಬುದ್ಧೀನ ಸಾಕು.”

ಕೂಸಾಗಿದ್ದಾಗ ನನ್ನನ್ನು ಎತ್ತಿ ಆಡಿಸಿದ ಹೆಂಗಸು. ಎದುರಾಡಲಿಲ್ಲ, ಹೊರಟು ಬಂದೆ. ಬರುವಾಗ ಒಳಗೆ ನೋಡಿದೆ. ನೀಲಾ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಮರುದಿನವೇ ಜ್ವರ ಏರಿತು. ಮುಖ ಬಾತುಕೊಂಡಿತು, ಕಾಲು ಬಾತವು. ಹುಬ್ಬಳ್ಳಿಗೆ ಒಯ್ದರು. ಪರಶುರಾಮ ಡಾಕ್ಟರರಿಗೆ ಎಲ್ಲವನ್ನೂ ಹೇಳಿದನಂತೆ. ನೇರ ಬಿದ್ದರೂ ಬಿಸಿಲೇ, ಯಾವುದಕ್ಕೋ ಬಡಿದು ಬಂದರೂ ಬಿಸಿಲೇ ಎಂದರಂತೆ ಅವರು. ಜಡ್ಡು ಮೂತ್ರಪಿಂಡಕ್ಕೆ ಇಳಿದಿತ್ತು. ಹಬ್ಬ ಮುಗಿಯುವ ಬನ್ನಿಯ ದಿನ ಉಡಚವ್ವ ಒಬ್ಬಳೇ ಘಟ ಎತ್ತಿದಳು, ಪ್ರತಿ ವರ್ಷದಂತೆ ಸಸಿ ಕಿತ್ತು ಓಣಿಗೆ ಹಂಚಲಿಲ್ಲ. ಯಾವ ಮನೆಯವರೂ ಕೇಳಲೂ ಇಲ್ಲ. ನಾನು ಮತ್ತು ಮುಮ್ತಾಜ ಒಂದು ಸಲ ಆಸ್ಪತ್ರೆಗೆ ಹೋಗಿ ಬಂದೆವು. ನೀಲಾ ಮುಮ್ತಾಜಳ ಕೈ ಹಿಡಿದುಕೊಂಡು, ಹಲಗೆಯ ಮೇಲಿನ ಡಬ್ಬಿಗಳನ್ನು ಹಿತ್ತಲಿಗೆ ಇಡಿಸು, ಅವಾದರೂ ಹೊರಗಿರಲಿ ಎಂದಳು. ನನ್ನನ್ನು ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ದೀಪಾವಳಿಗೆ ಇನ್ನೂ ಕೆಲವು ದಿನಗಳಿರುವಾಗ ನೀಲಾ ತೀರಿಕೊಂಡಳು.

ಮುಂಜಾನೆ ಬೆಟಗೇರಿಗೆ ತಂದರು. ಡಂಬಳದಿಂದ ತವರಿನವರು ಬಂದು ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಇಲ್ಲಿಯ ಪದ್ಧತಿಯಂತೆ ಹೆಣ ಹೊರಲು ಬಿದಿರಿನ ವಿಮಾನ ಕಟ್ಟಿ, ಹಸಿರು ಸೀರೆ ಉಡಿಸಿ, ಹೂವು ಮುಡಿಸಿ, ಕುಳಿತ ಭಂಗಿಯಲ್ಲಿ ಕೂಡಿಸಿದರು. ಮಳೆ ಹಿಂದಾದ ಮೇಲಿನ ಬಿಸಿಲು, ಕಣ್ಣು ಬಿಡಲಾಗದಷ್ಟು ಚುರುಕು. ವಿಮಾನವನ್ನು ಬಾಗಿಲಿಂದ ಹೊರಗೆ ತರಬೇಕು ಎನ್ನುವಾಗ ಪರಶುರಾಮ, ತಡೆಯಿರಿ ಎಂದ. ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರ ಬಂದು, ಮಾಮಾ, ಒಂದು ಛತ್ರಿ ಕೊಡು ಎಂದ. ಅಂಗಡಿಗೆ ಓಡಿ ತಂದುಕೊಟ್ಟೆ. ಯಾಕೆಂದು ಕೇಳಲಿಲ್ಲ, ತಿಳಿದಿತ್ತು.

ವಿಮಾನ ಎತ್ತಿದರು. ಪರಶುರಾಮ ಪಕ್ಕದಲ್ಲೇ ನಡೆಯುತ್ತ, ಕೈ ಎತ್ತರಕ್ಕೆ ಚಾಚಿ, ನೀಲಾಳ ತಲೆಯ ಮೇಲೆ ಛತ್ರಿ ಹಿಡಿದ. ವಿಮಾನ ಅತ್ತ ವಾಲಿದರೆ ಛತ್ರಿಯನ್ನು ಅತ್ತ ವಾಲಿಸುತ್ತಿದ್ದ, ಎಲ್ಲಿಯಾದರೂ ಬಿಸಿಲು ಆಕೆಯ ಮುಖಕ್ಕೆ ತಾಗೀತು ಎಂದು ಮೇಲೆಯೇ ನೋಡುತ್ತಿದ್ದ. ಎರಡು ಸಲ ಎಡವಿದ. ಬೇಡ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ನನಗೂ ಆಗಲಿಲ್ಲ. ಭಜನೆಯವರು ಕೂಡ ತಾಳ ಬಾರಿಸುತ್ತ ಬೇರೆ ಕಡೆ ನೋಡುತ್ತಿದ್ದರು.

ಹೆಂಗಸರು ಓಣಿಯ ಕೊನೆಯವರೆಗೆ ಬಂದು ಅಲ್ಲಿಂದ ಹಿಂದಕ್ಕೆ ಹೋಗುತ್ತಾರೆ. ಅಲ್ಲಿಗೆ ಬಂದಾಗ ಉಡಚವ್ವ ಸೊಂಟ ಹಿಡಿದುಕೊಂಡು ಮುಂದೆ ಬಂದಳು. ಹೊತ್ತವರು ನಿಂತರು. ಆಕೆ ಮಗನ ಮುಂಗೈ ಹಿಡಿದು, ಛತ್ರಿಯನ್ನು ಮೆಲ್ಲಗೆ ಕೆಳಗೆ ಇಳಿಸಿದಳು.

“ಸಾಕ ಬಿಡಪಾ, ಮಡಚ ಅದನ್ನ,” ಎಂದಳು. “ಸಸಿ ಯಾಕ ಬಾಗಿತ್ತಂತ ನನಗೂ ತಿಳೀತು. ಇನ್ನ ಬೀಳಲಿ ಬಿಸಲ. ಭಾಳ ಬೇಡಿತ್ತು ಆಕಿ ಜೀವ.”

ಪರಶುರಾಮ ಛತ್ರಿ ಮಡಚಿದ. ಬಿಸಿಲು ನೀಲಾಳ ಹಣೆಯ ಮೇಲೆ, ಕೆನ್ನೆಯ ಮೇಲೆ, ಮಡಿಲಲ್ಲಿ ಇಟ್ಟಿದ್ದ ಎರಡೂ ಕೈಗಳ ಮೇಲೆ ಬಿತ್ತು. ಅವನು ನಡುಬೀದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅತ್ತ. ಹೊತ್ತವರು ಅವನು ಏಳುವವರೆಗೆ ವಿಮಾನವನ್ನು ಹೆಗಲ ಮೇಲೆ ಇಟ್ಟುಕೊಂಡು, ಆ ಬಿಸಿಲಿನಲ್ಲೇ ನಿಂತರು.